ಬೀಜದಿಂದ ನೀರಂಜಿ

ಮರಾಠಿಯವರು ವಾಳುಂಜ ಎಂದೂ ನಮ್ಮವರು ನೀರಂಜಿ ಎಂದೂ ಕರೆಯುವ ಮರ ನಮ್ಮ ನಾಡಿನದೇ ವಿಲ್ಲೋ. ಕ್ರಿಕೆಟ್ ಬ್ಯಾಟಿನ ಮರಕ್ಕೆ ದಾಯಾದಿ. ಕೊಡಗಿನಲ್ಲಿ ಕಾವೇರಿಯ ದಂಡೆಯ ಮೇಲೆ ಇದನ್ನು ಕಂಡವರು ನಮ್ಮಲ್ಲಿ ಹಲವರುಂಟು, ಹೆಸರು ಬಲ್ಲವರು ಕಡಮೆ.

ಇದನ್ನು ಬೆಳೆಸುವವರು ಸಾಮಾನ್ಯವಾಗಿ ರೆಂಬೆ ಕಡಿದು ಕೆಸರಿನಲ್ಲಿ ನೆಡುತ್ತಾರೆ. ಸುಲಭವಾಗಿ ಬೇರು ಬಿಡುತ್ತದೆ. ಹಾಗಿರುವಾಗ ಬೀಜದ ಗೊಡವೆ ಏತಕ್ಕೆ ಎಂದು ಕೇಳುವಿರಿ. ವಿಲ್ಲೋದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಒಂದೇ ಗಂಡು ಮರದ ರೆಂಬೆಗಳನ್ನು ಹಳ್ಳದುದ್ದಕ್ಕೂ ನೆಟ್ಟರೆ ಆ ಮರಗಳಲ್ಲಿ ಒಂದು ಬೀಜವೂ ಕಟ್ಟದು. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುವ ಭಯ ಬೇರೆ. ಬೀಜದ ಸಸಿಗಳಾದರೋ ಒಂದರಂತೆ ಒಂದಿರವು.

ಹೆಣ್ಣು ಮರದ ಕಾಯಿ ಬಿರಿದಾಗ ಹತ್ತಿಯಂಥ ಎಳೆಗಳನ್ನು ಹೊತ್ತ ಬೀಜ ಗಾಳಿಗೆ ಹಾರುತ್ತದೆ. ಎಳ್ಳಿಗಿಂತ ಎಷ್ಟೋ ಸಣ್ಣದು. ಮೊಳಕೆಗೆಂದು ಒಳಗೆ ಬುತ್ತಿ ಕಟ್ಟಿಕೊಂಡ ಬೀಜವಲ್ಲ ಇದು. ಆದ್ದರಿಂದ ಅದರ ಆಯುಸ್ಸು ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರ. ಊರಿಗೆ ಹೋದಾಗ ಉಪ್ಪಿನಕಾಯಿ ಜಾಡಿಯೊಡನೆ ಅವರೆ ಬೀಜದ ಪೊಟ್ಟಣವನ್ನೂ ತಂದು, ಮುಂದಿನ ವರ್ಷ ಬಿತ್ತೋಣವೆಂದು ಡಬ್ಬಿಯಲ್ಲಿಡುವ ನಮ್ಮ ಪದ್ಧತಿ ಇಲ್ಲಿ ನಡೆಯದು. ಇದ್ದ ಊರಿನ ಮರವನ್ನೇ ಹುಡುಕಬೇಕು.

ಹಸಿರು ಕಾಯಿ ಹಳದಿಗೆ ತಿರುಗಿ ಒಂದೆರಡು ಬಿರಿದೊಡನೆ ಗೊಂಚಲನ್ನು ಕಾಗದದ ಚೀಲಕ್ಕೆ ಹಾಕಿ ಮನೆಗೆ ತನ್ನಿ. ಉಳಿದವು ಅಲ್ಲಿಯೇ ಬಿರಿಯುತ್ತವೆ. ತಳದಲ್ಲಿ ತೂತಿರುವ ಅಗಲ ಕುಂಡಕ್ಕೆ ಸಣ್ಣ ಮರಳು ಮತ್ತು ಮೆಕ್ಕಲು ಮಣ್ಣು ತುಂಬಿ, ನೀರಿನ ತಟ್ಟೆಯಲ್ಲಿಟ್ಟು, ಬೀಜವನ್ನು ಮೇಲೆ ಉದುರಿಸಿ. ಮಣ್ಣು ಮುಚ್ಚಬೇಡಿ: ಇದಕ್ಕೆ ಬೆಳಕು ಬೇಕು. ಮೇಲಿನಿಂದ ನೀರು ಸುರಿಯಲೂ ಬೇಡಿ. ಒಂದೆರಡು ದಿನಗಳಲ್ಲೇ ಹಸಿರು ಚುಕ್ಕೆಗಳು ಕಾಣುತ್ತವೆ. ಇಷ್ಟು ಬೇಗ ಮೊಳೆಯುವ ಮರ ಬೇರೆ ಯಾವುದಿದೆಯೋ! ಆದರೆ ಮೊದಲ ವಾರಗಳಲ್ಲಿ ಒಂದು ಮಧ್ಯಾಹ್ನ ಮಣ್ಣು ಒಣಗಿದರೂ ಎಲ್ಲ ಮುಗಿಯಿತು.

ಹೊಳೆಯಲ್ಲಿ ನಡೆಯುವುದೂ ಇದೇ. ಬೀಜ ಹಾರುವ ದಿನಗಳಲ್ಲಿ ನೀರು ಇಳಿದು ಹಸಿ ಮೆಕ್ಕಲು ಬಯಲಾಗಿರಬೇಕು. ದಂಡೆಗೆ ಕಲ್ಲು ಕಟ್ಟಿದಲ್ಲಿ ಮುದಿ ಮರಗಳಿದ್ದರೂ ಮರಿಗಳಿಲ್ಲದಿರುವುದು ಅದರಿಂದಲೇ.

ನಾಲ್ಕಾರು ಎಲೆ ಬಂದ ಮೇಲೆ ಸಸಿಗಳನ್ನು ಬೇರೆ ಬೇರೆ ಮಾಡಿ. ವಠಾರದ ಕೊಳಾಯಿಯ ಬಳಿ ನೆಡುವುದು ನಮಗೆ ಸರಿಕಾಣದು; ನೀರನ್ನರಸುವ ಬೇರು ಮೋರಿಗೆ ನುಗ್ಗುತ್ತದೆ. ಅಪ್ಪಣೆ ಪಡೆದು ಕೆರೆಯಂಚಿಗೇ ಒಯ್ಯಿರಿ. ಗಂಡೋ ಹೆಣ್ಣೋ ಎಂಬುದು ಹೂ ಬಿಡುವವರೆಗೆ ತಿಳಿಯದಾದ್ದರಿಂದ ಐದಾರನ್ನಾದರೂ ಹತ್ತಿರ ಹತ್ತಿರ ನೆಡಿ.