ಮುಖಪರಿಚಯ ಎಂದರೇನು?

ತುಮಕೂರು ಜಿಲ್ಲೆ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಸುತ್ತಮುತ್ತ ಮಳೆ ಕಡಿಮೆ, ಕುರುಚಲು ಕಾಡು ಹೆಚ್ಚು. ಆ ಕಾಡು ಚಿಂಕಾರ ಎಂಬ ಹುಲ್ಲೆಗೆ ಆಸರೆಯಾಗಿರುವುದರಿಂದ 2019ರಲ್ಲಿ ಅದನ್ನು ವನ್ಯಧಾಮವೆಂದು ಘೋಷಿಸಲಾಯಿತು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ಹುಲ್ಲೆಯ ವಿಷಯವನ್ನಲ್ಲ. ಅದೇ ಸೀಮೆಯಲ್ಲಿ ತಲೆಮಾರುಗಳಿಂದ ಜನರ ಬಾಳಿಗೆ ಆಧಾರವಾಗಿರುವ ಕುರಿಯ ವಿಷಯವನ್ನು, ಕುರಿಯ ಮೂಲಕ ನಮ್ಮ ಮಿದುಳಿನ ಒಂದು ಸೋಜಿಗವನ್ನು.

ಮೇವಿನ ಬಯಲಿನಲ್ಲಿ ಎರಡು ಮಂದೆಗಳು ಬೆರೆತವೆನ್ನಿ. ಪಟ್ಟಣದಿಂದ ಬಂದವನ ಕಣ್ಣಿಗೆ ಕುರಿಗಳೆಲ್ಲವೂ ಒಂದೇ ಅಚ್ಚಿನಲ್ಲಿ ಎರೆದಂತೆ ತೋರುತ್ತವೆ. ಕುರಿಗಾಹಿಗೆ ಹಾಗಲ್ಲ. ಯಾವುದು ತನ್ನದು, ಯಾವುದು ನೆರೆಯವನದು, ಯಾವುದು ಕಳೆದ ವರ್ಷ ಕೊಂಡು ತಂದದ್ದು ಎಂಬುದನ್ನು ಅವನು ಕ್ಷಣಮಾತ್ರದಲ್ಲಿ ಹೇಳಬಲ್ಲನು. ಹೇಗೆ ತಿಳಿಯಿತೆಂದು ಕೇಳಿದರೆ, ‘ಮುಖ ನೋಡಿದರೆ ಗೊತ್ತಾಗುವುದಿಲ್ಲವೆ?’ ಎಂದು ನಮ್ಮನ್ನೇ ಮರುಪ್ರಶ್ನಿಸಿಯಾನು. ನಮ್ಮ ಬಂಧುಮಿತ್ರರನ್ನು ಹೇಗೆ ಗುರುತಿಸುತ್ತೇವೆಂದು ಯಾರಾದರೂ ಕೇಳಿದರೆ ನಮಗೂ ಬೇರೆ ಉತ್ತರವಿಲ್ಲ. ನೋಡುತ್ತೇವೆ, ತಿಳಿಯುತ್ತದೆ, ಅಷ್ಟೆ. ಇಷ್ಟು ಸುಲಭವಾಗಿ ಕಾಣುವ ಈ ಕೆಲಸವು ನಿಜವಾಗಿ ಒಂದೇ ಕೆಲಸವಲ್ಲ, ಮಿದುಳಿನ ಬೇರೆ ಬೇರೆ ಭಾಗಗಳು ಕೂಡಿ ನಡೆಸುವ ಹಲವು ಕೆಲಸಗಳು ಎಂಬುದನ್ನು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಮೊದಲು ಕುರಿಯನ್ನೇ ನೋಡೋಣ. ಬುದ್ಧಿಯಿಲ್ಲದವನನ್ನು ನಾವು ಕುರಿ ಎಂದು ಹಳಿಯುವುದುಂಟು. ಈ ಹಳಿವು ನ್ಯಾಯವಲ್ಲ. ಇಂಗ್ಲೆಂಡಿನಲ್ಲಿ ಕೀತ್ ಕೆಂಡ್ರಿಕ್ ಮತ್ತು ಅವರ ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಂತೆ, ಕುರಿಗಳು ಚಿತ್ರದಲ್ಲಿ ಕಂಡ 50 ಬೇರೆ ಕುರಿಗಳ ಮುಖಗಳನ್ನು ಎರಡು ವರ್ಷಕ್ಕೂ ಮೇಲ್ಪಟ್ಟು ನೆನಪಿನಲ್ಲಿ ಇಟ್ಟುಕೊಂಡಿದ್ದವು. ಇದಕ್ಕೂ ಮುಂಚೆ, 1987ರಲ್ಲಿ, ಕೆಂಡ್ರಿಕ್‌ರು ಇನ್ನೂ ಸ್ವಾರಸ್ಯವಾದ ಸಂಗತಿಯೊಂದನ್ನು ಹೊರಗೆಡಹಿದ್ದರು. ಕುರಿಯ ಮಿದುಳಿನ ಪಾರ್ಶ್ವಭಾಗದಲ್ಲಿರುವ ಕೆಲವು ನರಕೋಶಗಳು ಮುಖವನ್ನು ಕಂಡಾಗ ಮಾತ್ರ ವಿಶೇಷವಾಗಿ ಚುರುಕಾಗುತ್ತವೆ. ಅವುಗಳಲ್ಲಿಯೂ ಕೆಲವು ಕೊಂಬುಳ್ಳ ಮುಖಕ್ಕೆ, ಕೆಲವು ತನ್ನ ತಳಿಯ ಮುಖಕ್ಕೆ, ಕೆಲವು ಮನುಷ್ಯ ಮತ್ತು ನಾಯಿಯ ಮುಖಕ್ಕೆ ಸ್ಪಂದಿಸುತ್ತವೆ. ಈ ವಿಂಗಡಣೆಯನ್ನು ಓದುಗರು ಗಮನಿಸಬೇಕು. ಕೊಂಬು ಮಂದೆಯಲ್ಲಿ ಮೇಲುಗೈ ಯಾರದೆಂಬುದನ್ನು ಸೂಚಿಸುತ್ತದೆ. ತನ್ನ ತಳಿಯೆಂದರೆ ಸಂಗಾತಿ. ಮನುಷ್ಯ, ನಾಯಿಗಳೆಂದರೆ ಭಯದ ಮೂಲ. ಎಂದರೆ, ಕುರಿಯ ಮಿದುಳು ಮುಖದಲ್ಲಿ ಬರಿಯ ಆಕಾರವನ್ನು ನೋಡುತ್ತಿಲ್ಲ. ‘ಇದಕ್ಕೂ ನನಗೂ ಏನು ಸಂಬಂಧ?’ ಎಂಬುದನ್ನೂ ಅಳೆಯುತ್ತಿದೆ.

ಇನ್ನು ಮನುಷ್ಯನ ವಿಷಯ. 1947ರಲ್ಲಿ ಯೋವಾಕಿಮ್ ಬೋಡಮರ್ ಎಂಬ ಜರ್ಮನ್ ವೈದ್ಯರು, ಮಿದುಳಿಗೆ ಪೆಟ್ಟಾದ ಬಳಿಕ ಮುಖಗಳ ಗುರುತನ್ನೇ ಕಳೆದುಕೊಂಡ ರೋಗಿಗಳನ್ನು ವರ್ಣಿಸಿ, ಆ ಸ್ಥಿತಿಗೆ ಪ್ರೊಸೊಪಗ್ನೋಸಿಯ ಎಂದು ಹೆಸರಿಟ್ಟರು. ನಾವು ಇದನ್ನು ಮುಖಕುರುಡು ಎನ್ನಬಹುದು. ಇಂಥವರ ಕಣ್ಣು ಚೆನ್ನಾಗಿರುತ್ತದೆ. ಎದುರಿಗಿರುವುದು ಮುಖವೆಂದು ಅವರಿಗೆ ಗೊತ್ತು. ಮೂಗು, ಬಾಯಿ ಎಲ್ಲವನ್ನೂ ಬಿಡಿಬಿಡಿಯಾಗಿ ವರ್ಣಿಸಬಲ್ಲರು. ಆದರೆ ಅದು ಯಾರ ಮುಖವೆಂದು ತಿಳಿಯದು. ಮಾತನಾಡಿಸಿದ ಕೂಡಲೇ ದನಿಯಿಂದ ಗುರುತು ಹತ್ತುತ್ತದೆ. 1997ರಲ್ಲಿ ಅಮೆರಿಕದ ನ್ಯಾನ್ಸಿ ಕ್ಯಾನ್‌ವಿಷರ್ ಮತ್ತು ಸಂಗಡಿಗರು, ಮಿದುಳಿನ ತಳಭಾಗದಲ್ಲಿ, ಹೆಚ್ಚಾಗಿ ಬಲಬದಿಯಲ್ಲಿ, ಒಂದು ಸಣ್ಣ ಪ್ರದೇಶವು ಇತರ ವಸ್ತುಗಳಿಗಿಂತ ಮುಖಗಳಿಗೆ ಬಹಳ ಹೆಚ್ಚಾಗಿ ಸ್ಪಂದಿಸುವುದನ್ನು ತೋರಿಸಿಕೊಟ್ಟರು.

ಈ ಭಾಗವು ಮುಖವನ್ನು ಬಿಡಿ ಅಂಗಗಳ ಮೊತ್ತವಾಗಿ ಅಲ್ಲ, ಇಡಿಯಾಗಿ ಗ್ರಹಿಸುತ್ತದೆಂದು ತೋರುತ್ತದೆ. ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ವೃತ್ತಪತ್ರಿಕೆಯೊಂದನ್ನು ತಲೆಕೆಳಗಾಗಿ ಹಿಡಿದು ಅದರಲ್ಲಿರುವವರ ಭಾವಚಿತ್ರಗಳನ್ನು ಗುರುತಿಸಲು ಯತ್ನಿಸಿ. ಮನೆ, ಬಂಡಿ, ಮರ ಇವು ತಲೆಕೆಳಗಾದರೂ ಅಷ್ಟಾಗಿ ತೊಡಕಿಲ್ಲ. ಪ್ರಸಿದ್ಧ ಮುಖಗಳು ಮಾತ್ರ ಅಪರಿಚಿತವಾಗಿಬಿಡುತ್ತವೆ.

ಹಾಗಾದರೆ ಕುರಿಗಾಹಿಯು ಕುರಿಯನ್ನು ಗುರುತಿಸುವುದೂ ಇದೇ ಶಕ್ತಿಯಿಂದಲೇ? ಇಲ್ಲಿ ಎರಡು ರೋಗಿಗಳ ಕಥೆ ನಮಗೆ ದಾರಿ ತೋರಿಸುತ್ತದೆ. ಪಾರ್ಶ್ವವಾಯು ಬಡಿದು ಮನುಷ್ಯರ ಮುಖಗಳ ಗುರುತನ್ನು ಕಳೆದುಕೊಂಡ ಇಂಗ್ಲೆಂಡಿನ ಒಬ್ಬಾತನು ಆಮೇಲೆ ಕುರಿ ಸಾಕಲಾರಂಭಿಸಿ, ತನ್ನ ಕುರಿಗಳ ಮುಖಗಳನ್ನು ಗುರುತಿಸಲು ಕಲಿತನು; ಈ ಸಂಗತಿ 1993ರಲ್ಲಿ ಪ್ರಕಟವಾಯಿತು. 1984ರಲ್ಲಿ ವರದಿಯಾದ ಇನ್ನೊಬ್ಬ ರೈತನದು ಇದಕ್ಕೆ ತಿರುಗುಮುರುಗು. ಮಿದುಳಿಗೆ ಆಘಾತವಾದಾಗ ಅವನಿಗೆ ಮನುಷ್ಯರ ಗುರುತೂ ತನ್ನ ಹಸುಗಳ ಗುರುತೂ ತಪ್ಪಿದ್ದವು. ಕೆಲವು ತಿಂಗಳಲ್ಲಿ ಮನುಷ್ಯರ ಗುರುತು ಮರಳಿತು, ಹಸುಗಳದು ಮರಳಲಿಲ್ಲ. ಆದಕಾರಣ ಈ ಎರಡು ಬಗೆಯ ಅರಿವಿಗೆ ಮಿದುಳಿನಲ್ಲಿ ಸಂಪೂರ್ಣವಾಗಿ ಒಂದೇ ದಾರಿಯಿಲ್ಲವೆಂದು ತಿಳಿಯಬೇಕಾಗುತ್ತದೆ.

ಅಭ್ಯಾಸದ ಪಾತ್ರವೂ ಇಲ್ಲಿ ಹಿರಿದು. ಆರು ತಿಂಗಳ ಕೂಸು ಒಂದು ಕೋತಿಯ ಮುಖಕ್ಕೂ ಇನ್ನೊಂದರ ಮುಖಕ್ಕೂ ಇರುವ ಭೇದವನ್ನು ಅರಿಯಬಲ್ಲುದು. ಒಂಬತ್ತು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಕುಗ್ಗುತ್ತದೆಂದು 2002ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಕೂಸಿನ ಮಿದುಳು ತನಗೆ ಬೇಕಾದ ಮುಖಗಳಲ್ಲಿ ಪಳಗುತ್ತ, ಬೇಡವಾದವನ್ನು ಬಿಡುತ್ತ ಬೆಳೆಯುತ್ತದೆ. ಕುರಿಗಾಹಿಯ ಕಣ್ಣೂ ದಿನದಿನವೂ ಮಂದೆಯೊಡನೆ ಪಳಗಿದ ಕಣ್ಣು.

ಗುರುತು ಹತ್ತಿದ ಮಾತ್ರಕ್ಕೆ ಪರಿಚಯ ಪೂರ್ಣವಾಗದು. ಅದರೊಡನೆ ಭಾವವೂ ಕೂಡಬೇಕು. ಮಿದುಳಿನ ಒಳಗೆ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗವು ಎಡಕ್ಕೊಂದು ಬಲಕ್ಕೊಂದು ಇದೆ. ಇವೆರಡೂ ನಾಶವಾಗಿದ್ದ ಮಹಿಳೆಯೊಬ್ಬರು ಪರಿಚಿತರನ್ನು ಗುರುತಿಸುತ್ತಿದ್ದರೂ ಮುಖದ ಮೇಲಿನ ಭಯವನ್ನು ಮಾತ್ರ ಓದಲಾರದೆ ಹೋದರೆಂದು 1994ರಲ್ಲಿ ವರದಿಯಾಯಿತು. ಅವರು ಎದುರಿನವರ ಕಣ್ಣುಗಳತ್ತ ತಾವಾಗಿ ನೋಡುವುದೇ ಇಲ್ಲವೆಂದು 2005ರಲ್ಲಿ ತಿಳಿದುಬಂತು. ಫ್ರೆಂಚ್ ವೈದ್ಯ ಕಾಪ್‌ಗ್ರಾರು 1923ರಲ್ಲಿ ವರ್ಣಿಸಿದ ರೋಗವಂತೂ ಇನ್ನೂ ವಿಚಿತ್ರವಾದುದು. ಅದರಲ್ಲಿ ರೋಗಿಯು ತನ್ನ ಹತ್ತಿರದವರನ್ನು ಕಂಡು, ‘ಮುಖವೇನೋ ಅವರದೇ, ಆದರೆ ಇವರು ಅವರಲ್ಲ, ವೇಷಧಾರಿಗಳು’ ಎನ್ನುತ್ತಾನೆ. ಮುಖದ ಗುರುತು ಉಳಿದು, ಅದರೊಡನೆ ಉಕ್ಕಬೇಕಾದ ಆತ್ಮೀಯತೆ ಕಡಿದುಹೋಗಿರುವುದೇ ಇದಕ್ಕೆ ಕಾರಣವಿರಬೇಕೆಂದು ಅನೇಕ ವಿಜ್ಞಾನಿಗಳ ಅಭಿಪ್ರಾಯ. ಕುರಿಗೂ ಈ ಆತ್ಮೀಯತೆ ಬೇಕು. ಮಂದೆಯಿಂದ ಅಗಲಿಸಿದ ಒಂಟಿ ಕುರಿಗೆ ಇನ್ನೊಂದು ಕುರಿಯ ಮುಖದ ಚಿತ್ರವನ್ನು ತೋರಿಸಿದರೆ ಅದರ ಎದೆಬಡಿತ ಇಳಿದು, ಕಳವಳ ತಗ್ಗುತ್ತದೆಂದು 2004ರಲ್ಲಿ ಪ್ರಕಟವಾದ ಪ್ರಯೋಗ ತಿಳಿಸುತ್ತದೆ.

ಅನ್ಯರ ಮುಖವನ್ನು ಅರಿತ ಮೇಲೆ ತನ್ನ ಮುಖವನ್ನು ಅರಿಯುವ ಸರದಿ. ಮಗುವಿಗೆ ತಿಳಿಯದಂತೆ ಮೂಗಿಗೆ ಬಣ್ಣ ಹಚ್ಚಿ ಕನ್ನಡಿಯ ಮುಂದೆ ಕೂರಿಸಿದರೆ, ಸುಮಾರು ಒಂದೂವರೆಯಿಂದ ಎರಡು ವರ್ಷದೊಳಗೆ ಅದು ತನ್ನ ಮೂಗನ್ನೇ ಮುಟ್ಟಿಕೊಳ್ಳಲು ಕಲಿಯುತ್ತದೆ. ತಾಯಿಯ ಮುಖವನ್ನು ಗುರುತಿಸಿದ ಎಷ್ಟೋ ಕಾಲದ ತರುವಾಯ ಅದಕ್ಕೆ ತನ್ನ ಮುಖದ ಗುರುತು ಹತ್ತುತ್ತದೆ. ‘ನಾನು’ ಎಂಬ ಅರಿವು ನಾಲ್ವರ ನಡುವೆ ಬೆಳೆಯುವ ಅರಿವೆಂಬುದಕ್ಕೆ ಇದೂ ಒಂದು ಸೂಚನೆ.

ಇದನ್ನೆಲ್ಲ ತಿಳಿಯುವುದರಿಂದ ನಮಗೇನು ಪ್ರಯೋಜನ? ಮುಖ ನೋಡಿ ಮಣೆ ಹಾಕುವುದು ನಮ್ಮ ಲೋಕರೂಢಿ. ಕಂಡೂ ಕಾಣದಂತೆ ಹೋದವನನ್ನು ನಾವು ಸೊಕ್ಕಿನವನೆನ್ನುತ್ತೇವೆ. ಆದರೆ ಯಾವ ಪೆಟ್ಟೂ ಇಲ್ಲದೆ ಹುಟ್ಟಿನಿಂದಲೇ ಮುಖಕುರುಡುಳ್ಳವರೂ ಇದ್ದಾರೆ. ನೂರಕ್ಕೆ ಇಬ್ಬರಷ್ಟು ಮಂದಿಯಾದರೂ ಇರಬಹುದೆಂದು ಕೆಲವು ಅಧ್ಯಯನಗಳ ಅಂದಾಜು. ನಿಮ್ಮ ತರಗತಿಯಲ್ಲಿಯೇ ಒಬ್ಬರು ಇದ್ದಾರು. ಅಂಥವರನ್ನು ಕಂಡಾಗ ಮೊದಲು ನಾವೇ ಹೆಸರು ಹೇಳಿ ಮಾತನಾಡಿಸಿದರೆ ಅವರ ಬವಣೆ ಎಷ್ಟೋ ತಗ್ಗುತ್ತದೆ. ಹಾಗೆಯೇ, ಮನೆಯ ಹಿರಿಯರು ಒಮ್ಮೆಲೇ ತಮ್ಮವರ ಗುರುತು ಹಿಡಿಯದಾದರೆ, ಅಥವಾ ‘ನೀನು ನನ್ನ ಮಗನಲ್ಲ’ ಎನ್ನತೊಡಗಿದರೆ, ಅದನ್ನು ಮುನಿಸೆಂದೋ ದೆವ್ವದ ಚೇಷ್ಟೆಯೆಂದೋ ಬಗೆದು ಕಾಲ ಕಳೆಯಬಾರದು. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಪಾರ್ಶ್ವವಾಯುವಾಗಿದ್ದರೆ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಕುರಿಗಾಹಿಯು ತನ್ನ ಕುರಿಗಳನ್ನು ಒಂದೊಂದಾಗಿ ನೋಡಿ ಒಳಗೆ ಬಿಡುವಾಗ, ಅವೂ ಅವನನ್ನು ನೋಡಿ ಗುರುತು ಹಿಡಿಯುತ್ತಿರುತ್ತವೆ. ಪರಿಚಯವೆಂಬುದು ಎರಡು ಮಿದುಳುಗಳ ನಡುವಣ ವ್ಯವಹಾರ. ಒಂದು ಕಡೆ ಎಳೆ ಕಡಿದಾಗ ಇನ್ನೊಂದು ಕಡೆಯವರು ಅದನ್ನು ಹಿಡಿದುಕೊಳ್ಳಬೇಕಾಗುತ್ತದೆ.