ಆಫೀಸು ಸಂತೆಯಾಗ್ತಿದೆಯಾ?

ಕೆಲಸವೆಲ್ಲ ಲ್ಯಾಪ್‌ಟಾಪ್‌ನಲ್ಲೇ ಇದೆ.
ಮತ್ತೆ ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಾವ್ಯಾಕೆ ನಿಂತಿದ್ದೀವಿ?

2020ರ ಮಾರ್ಚ್ ನೆನಪಿದೆಯಾ?
ಲಾಕ್‌ಡೌನ್ ಬಂತು.
ಬೆಂಗಳೂರಿನ ಟೆಕ್ ಪಾರ್ಕ್‌ಗಳು ಖಾಲಿ.
ಆದರೂ ಸಾಫ್ಟ್‌ವೇರ್ ಕೆಲಸ ನಡೀತು.
ಊರಿನ ಜಗಲಿಯಿಂದ, ಅಟ್ಟದಿಂದ.
ಮಲೆನಾಡಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರೂ ಇದ್ರು.

ಆದರೆ ಗೇಟಿನೆದುರು ಟೀ ಮಾರೋರು?
ಕ್ಯಾಬ್ ಓಡಿಸೋರು? ಪಿಜಿಯ ಅಡುಗೆಯವರು?
ಅವರ ದುಡಿಮೆ ನಿಂತೇ ಹೋಯ್ತು.
ಆಫೀಸಿನ ಭವಿಷ್ಯ ಅಂದಾಗ ನನಗೆ ಮೊದಲು ನೆನಪಾಗೋದು ಅವರೇ.

ಈಗ ಎಷ್ಟೋ ಕಂಪನಿಗಳಲ್ಲಿ
ವಾರಕ್ಕೆ ಎರಡು-ಮೂರು ದಿನ ಆಫೀಸು, ಉಳಿದ ದಿನ ಮನೆ.

ಹಳ್ಳಿ ಸಂತೆ ನೋಡಿದ್ದೀರಲ್ಲ?
ವಾರಕ್ಕೊಮ್ಮೆ ನೆರೆಯುತ್ತೆ.
ತರಕಾರಿ ಜೊತೆಗೆ ಸುದ್ದಿ ಸಿಗುತ್ತೆ,
ನೆಂಟಸ್ತಿಕೆಯ ಮಾತೂ ಕುದುರುತ್ತೆ.
ಆಫೀಸೂ ಹಾಗೇ ಆಗ್ತಿದೆ.
ಹೊಸಬರು ಹಳಬರ ಪಕ್ಕ ಕೂತು ಕಲಿಯೋ ಜಾಗ.

ಸರಿ, ಸಂತೆ ಒಂದೇ ಊರಲ್ಲಿ ಯಾಕೆ ನೆರೆಯಬೇಕು?
ರಾಜ್ಯ ಸರ್ಕಾರದ 'ಬಿಯಾಂಡ್ ಬೆಂಗಳೂರು' ಯೋಜನೆ
ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ ಕಡೆಗೆ
ಕಂಪನಿಗಳನ್ನ ಕರೀತಿದೆ.

ಗಾಜಿನ ಕಟ್ಟಡ ಏಳೋ ಮೊದಲು
ಆ ಊರುಗಳಿಗೆ ಬಸ್ಸು ಬರಲಿ, ಫುಟ್‌ಪಾತ್ ಬರಲಿ.
ಕೆರೆ ಇದ್ದಲ್ಲೇ ಇರಲಿ.

ನಿಮ್ಮೂರಲ್ಲೇ ಆಫೀಸು ತೆರೆದ್ರೆ, ನೀವು ವಾಪಸ್ ಹೋಗ್ತೀರಾ?