ಬಾಲ್ ಪೈಥಾನ್ ಹಾವಿನ ಚರ್ಮದ ಕಾಯಿಲೆಗಳು

ಬಾಲ್ ಪೈಥಾನ್ ಪಶ್ಚಿಮ ಮತ್ತು ಮಧ್ಯ ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು. ಇದರ ವೈಜ್ಞಾನಿಕ ಹೆಸರು ಪೈಥಾನ್ ರೀಜಿಯಸ್. ಅಮೆರಿಕ ಹಾಗೂ ಯುರೋಪಿನಲ್ಲಿ ಹೆಚ್ಚಾಗಿ ಸಾಕಲ್ಪಡುವ ಹಾವುಗಳಲ್ಲಿ ಇದೂ ಒಂದು. ಹೊಸದಾಗಿ ತಂದ ಹಾವಿನ ಆರೋಗ್ಯವನ್ನು ಮೊದಲು ತಿಳಿಸುವುದು ಅದರ ಚರ್ಮ. ಆದರೆ ಪೊರೆ ಬಿಡುವ ಮುನ್ನ ಸಹಜವಾಗಿ ಆಗುವ ಬದಲಾವಣೆಗಳನ್ನು ರೋಗವೆಂದೂ, ನಿಜವಾದ ರೋಗವನ್ನು ಪೊರೆಯ ಪೂರ್ವಸೂಚನೆಯೆಂದೂ ತಪ್ಪಾಗಿ ತಿಳಿಯುವುದುಂಟು.

ಪೊರೆ ಕಳಚುವಿಕೆ

ಪೊರೆ ಬಿಡುವ ಮುನ್ನ ಚರ್ಮದ ಹಳೆಯ ಮತ್ತು ಹೊಸ ಪದರಗಳ ನಡುವೆ ದ್ರವ ಸೇರುತ್ತದೆ. ಆಗ ಮೈಬಣ್ಣ ಮಂಕಾಗಿ, ಹೊಟ್ಟೆ ನಸುಗೆಂಪಾಗಿ, ಕಣ್ಣುಗಳು ಹಾಲುಬೆರೆತ ನೀಲಿಯಾಗಿ ಕಾಣುತ್ತವೆ. ಹಾವು ಆಹಾರ ನಿರಾಕರಿಸುವುದೂ ಸಾಮಾನ್ಯ. ಕೆಲವು ದಿನಗಳಲ್ಲಿ ಕಣ್ಣು ತಿಳಿಯಾಗಿ, ಅನಂತರ ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ತುಂಡಾಗಿ ಕಳಚುತ್ತದೆ. ಹಾವಿಗೆ ರೆಪ್ಪೆಗಳಿಲ್ಲ, ಕಣ್ಣನ್ನು ಮುಚ್ಚಿರುವ ಪಾರದರ್ಶಕ ಹುರುಪೆಯೂ ಪೊರೆಯೊಂದಿಗೇ ಬರಬೇಕು. ಆದ್ದರಿಂದ ಬಿಟ್ಟ ಪೊರೆಯನ್ನು ಎಸೆಯುವ ಮುನ್ನ ಕಣ್ಣಿನ ಭಾಗವನ್ನೂ ಬಾಲದ ತುದಿಯನ್ನೂ ಪರೀಕ್ಷಿಸುವುದು ಅವಶ್ಯ.

ಪೊರೆ ಚೂರುಚೂರಾಗಿ ಬಂದರೆ ಗೂಡಿನಲ್ಲಿ ತೇವಾಂಶದ ಕೊರತೆ, ನಿರ್ಜಲೀಕರಣ, ನುಸಿ ಅಥವಾ ಬೇರೆ ಕಾಯಿಲೆ ಇರಬಹುದು. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದ ಪೊರೆ ರಕ್ತಸಂಚಾರವನ್ನು ತಡೆದು ಆ ಭಾಗವನ್ನೇ ಕೊಲ್ಲಬಲ್ಲದು. ಒದ್ದೆ ಪಾಚಿ ತುಂಬಿದ ಅಡಗುತಾಣವನ್ನು ಒದಗಿಸಿದರೆ ಉಳಿದ ಪೊರೆ ಬಹುಮಟ್ಟಿಗೆ ತಾನಾಗಿ ಸಡಿಲವಾಗುತ್ತದೆ. ಕಣ್ಣಿನ ಮೇಲೆ ಉಳಿದುದನ್ನು ಚಿಮುಟದಿಂದ ಕೀಳುವುದು ಅಪಾಯಕರ. ಕೆಳಗಿನ ಹೊಸ ಹುರುಪೆಯೇ ಕಿತ್ತುಬಂದು ಕಣ್ಣು ಹಾಳಾಗಬಹುದು.

ಹಾವಿನ ನುಸಿ

ಹೊಸ ಹಾವಿನೊಡನೆ ಮನೆ ಸೇರುವ ತೊಂದರೆಗಳಲ್ಲಿ ಇದು ಮುಖ್ಯವಾದುದು. ಓಫಿಯೋನಿಸಸ್ ನ್ಯಾಟ್ರಿಸಿಸ್ ಎಂಬ ಈ ರಕ್ತಹೀರುವ ನುಸಿ ಸುಮಾರು 1 ಮಿಲಿಮೀಟರ್ ಉದ್ದವಿದ್ದು, ರಕ್ತ ಕುಡಿದ ಮೇಲೆ ಕಡುಗೆಂಪು ಅಥವಾ ಕಪ್ಪು ಚುಕ್ಕೆಯಂತೆ ಕಾಣುತ್ತದೆ. ಕಣ್ಣಿನ ಸುತ್ತ, ಗದ್ದದ ಕೆಳಗಿನ ಗೆರೆಯಲ್ಲಿ ಮತ್ತು ಹುರುಪೆಗಳ ಸಂದಿಯಲ್ಲಿ ಇವು ಅಡಗಿರುತ್ತವೆ. ನುಸಿಗಳು ಕಣ್ಣಿಗೆ ಬೀಳುವ ಮೊದಲೇ ಹಾವಿನ ನಡವಳಿಕೆ ಬದಲಾಗಬಹುದು: ಅದು ನೀರಿನ ಬಟ್ಟಲಿನಲ್ಲಿ ಗಂಟೆಗಟ್ಟಲೆ ಮುಳುಗಿರುತ್ತದೆ. ತಳದಲ್ಲಿ ಸತ್ತ ನುಸಿಗಳು, ಮೈಮೇಲೆ ಬೂದಿಯಂತಹ ಬಿಳಿ ಕಣಗಳು ಕಂಡರೆ ಸಂಶಯಕ್ಕೆ ಎಡೆಯಿಲ್ಲ. ಒದ್ದೆಯಾದ ಬಿಳಿ ಕಾಗದದಿಂದ ಮೈ ಒರೆಸುವುದು ಸರಳ ಪರೀಕ್ಷೆ. ನುಸಿ ಹೆಚ್ಚಾದರೆ ರಕ್ತಹೀನತೆ ಉಂಟಾಗುತ್ತದೆ. ಮೊಟ್ಟೆಗಳನ್ನು ಹಾವಿನ ಮೈಮೇಲಲ್ಲದೆ ಗೂಡಿನ ಬಿರುಕುಗಳಲ್ಲಿ ಇಡುವುದರಿಂದ, ಗೂಡನ್ನು ಶುಚಿಗೊಳಿಸದೆ ಹಾವಿಗೆ ಮಾತ್ರ ಔಷಧ ಕೊಟ್ಟರೆ ಪ್ರಯೋಜನವಿಲ್ಲ.

ಹುರುಪೆ ಕೊಳೆತ ಮತ್ತು ಸುಟ್ಟ ಗಾಯ

ಸದಾ ಒದ್ದೆಯಾದ, ಕೊಳಕು ಹಾಸಿನ ಮೇಲೆ ಮಲಗುವ ಹಾವಿನ ಹೊಟ್ಟೆಯ ಹುರುಪೆಗಳು ಕೆಂಪಾಗಿ, ನೀರುಗುಳ್ಳೆಗಳೆದ್ದು ಕಂದುಬಣ್ಣಕ್ಕೆ ತಿರುಗುತ್ತವೆ. ಸೋಂಕು ರಕ್ತಕ್ಕೆ ಹರಡಿದರೆ ಪ್ರಾಣಾಪಾಯವಿದೆ. ತಾಪನಿಯಂತ್ರಕವಿಲ್ಲದ ಬಿಸಿ ಹಾಸಿನಿಂದಾದ ಸುಟ್ಟ ಗಾಯವೂ ಹೀಗೆಯೇ ಕಾಣುವುದರಿಂದ ಕಾರಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಪೊರೆಗೆ ಮುಂಚಿನ ನಸುಗೆಂಪು ಒಂದೇ ಸಮನಾಗಿದ್ದು ಪೊರೆಯೊಂದಿಗೆ ಮಾಯವಾಗುತ್ತದೆ. ರೋಗದ ಕೆಂಪು ಉಳಿಯುತ್ತದೆ.

ಓಫಿಡಿಯೊಮೈಸಿಸ್ ಎಂಬ ಶಿಲೀಂಧ್ರದಿಂದ ಹಳದಿ-ಕಂದು ಹಕ್ಕಳೆಗಳೂ ಮುಖದ ಊತವೂ ಬರುತ್ತವೆ. ಇದನ್ನು ಪ್ರಯೋಗಾಲಯದ ಪರೀಕ್ಷೆಯಿಂದ ಮಾತ್ರ ಖಚಿತಪಡಿಸಬಹುದು.

ಪ್ರತ್ಯೇಕ ವಾಸ

ಮನೆಯಲ್ಲಿ ಬೇರೆ ಹಾವುಗಳಿದ್ದರೆ ಹೊಸತನ್ನು 1ರಿಂದ 3 ತಿಂಗಳು ಪ್ರತ್ಯೇಕ ಕೋಣೆಯಲ್ಲಿರಿಸುವುದು ರೂಢಿ. ಬಿಳಿ ಕಾಗದದ ಹಾಸು ಸೊಗಸಲ್ಲದಿದ್ದರೂ ನುಸಿ, ರಕ್ತದ ಕಲೆಗಳನ್ನು ಮರೆಮಾಡುವುದಿಲ್ಲ.

ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅನ್ವಯ ದೇಶೀಯ ಹೆಬ್ಬಾವು, ನಾಗರಹಾವುಗಳನ್ನು ಸಾಕುವುದು ಅಪರಾಧ. ಬಾಲ್ ಪೈಥಾನ್ ಸೈಟಿಸ್ ಒಪ್ಪಂದದ 2ನೇ ಅನುಬಂಧದಲ್ಲಿರುವುದರಿಂದ, 2022ರ ತಿದ್ದುಪಡಿಯ ನಂತರ ಅದನ್ನು ಸಾಕುವವರು ನೋಂದಣಿ ಮಾಡಿಸಬೇಕಾಗುತ್ತದೆ.